ನಿಮ್ಮ ಸೊಸೈಟಿಯ ಜನರೇಟರ್ ಯಾರ ಲೆಕ್ಕದಲ್ಲಿದೆ?

ಪುಣೆ, ಮುಂಬೈ, ಹೈದರಾಬಾದ್, ಚೆನ್ನೈ, ನೋಯ್ಡಾ, ಎಲ್ಲಿಂದ ನೋಡ್ತಿದ್ರೂ ಸರಿ, ಇವತ್ತಿನ ವಿಷಯ ಕೇಳಿ ವಿಡಿಯೋ ಬಂದ್ ಮಾಡ್ಬೇಡಿ. ವಿಷಯ ಏನಂದ್ರೆ, ಸಣ್ಣ ಪ್ರಮಾಣದಲ್ಲಿ ಕರೆಂಟು ತಯಾರಿಸುವವರು ಸರ್ಕಾರಕ್ಕೆ ಕೊಡಬೇಕಾದ ಲೆಕ್ಕ. ಅಯ್ಯೋ, ನಾವೇನು ಕರೆಂಟು ತಯಾರಿಸ್ತೀವಾ, ನಾವು ಬರೀ ಬಿಲ್ ಕಟ್ಟೋರು ಅಂತೀರಿ. ಹಾಗಲ್ಲ. ನಿಮ್ಮ ಬಿಲ್ಡಿಂಗಿನ ಬೇಸ್‌ಮೆಂಟಲ್ಲೋ ಹಿಂದಿನ ಗೇಟ್ ಹತ್ರಾನೋ ಒಂದು ದೊಡ್ಡ ಹಸಿರು ಡಬ್ಬಿ ಇದೆಯಲ್ಲ, ಕರೆಂಟು ಹೋದ ತಕ್ಷಣ ಗುರ್ ಅನ್ನುತ್ತಲ್ಲ, ಅದು ಕಾನೂನಿನ ಕಣ್ಣಲ್ಲಿ ವಿದ್ಯುತ್ ಉತ್ಪಾದನೆ. ಮೇಲೆ ಟೆರೇಸಲ್ಲಿ ಸೋಲಾರ್ ಹಾಕಿಸಿದ್ರೆ ಅದೂ ಉತ್ಪಾದನೆ. ಕೆಳಗೊಂದು, ಮೇಲೊಂದು. ನಡುವೆ ಹನ್ನೆರಡು ಮಹಡಿ ನಾವು, ಏನೂ ಗೊತ್ತಿಲ್ಲದೆ ಲಿಫ್ಟಲ್ಲಿ ಓಡಾಡ್ತಿರ್ತೀವಿ.

ನನ್ನ ಪರಿಚಯ ಚಿಕ್ಕದಾಗಿ ಹೇಳ್ಬಿಡ್ತೀನಿ. ಊರು ಧಾರವಾಡ. ಓದಿದ್ದು ಎಲೆಕ್ಟ್ರಿಕಲ್, ಹೊಟ್ಟೆ ತುಂಬಿಸಿದ್ದು ಸಾಫ್ಟ್‌ವೇರ್. ಹದಿನಾಲ್ಕು ವರ್ಷದಿಂದ ಪುಣೆಯಲ್ಲಿದ್ದೀನಿ, ಅದರಲ್ಲಿ ಆರು ವರ್ಷ ನಮ್ಮ ಸೊಸೈಟಿ ಕಮಿಟಿಯಲ್ಲಿ ಇದ್ದೆ. ಎಲೆಕ್ಟ್ರಿಕಲ್ ಓದಿದವನು ಅಂತ ಗೊತ್ತಾದ ದಿನವೇ ಡಿಜಿ ರೂಮಿನ ಚಾವಿ ನನ್ನ ಕೈಗೆ ಕೊಟ್ರು.

ಈಗ ಕಾನೂನು. ವಿದ್ಯುಚ್ಛಕ್ತಿ ಕಾಯ್ದೆ 2003, ಅದರ 74ನೇ ಸೆಕ್ಷನ್. ಲೈಸೆನ್ಸ್ ಇರುವ ಕಂಪನಿಗಳು, ಉತ್ಪಾದನಾ ಕಂಪನಿಗಳು ಮಾತ್ರ ಅಲ್ಲ, ತನ್ನ ಸ್ವಂತ ಬಳಕೆಗೆ ಕರೆಂಟು ತಯಾರಿಸುವ ವ್ಯಕ್ತಿ ಕೂಡ ಕೇಂದ್ರ ವಿದ್ಯುತ್ ಪ್ರಾಧಿಕಾರ ಕೇಳಿದ ಅಂಕಿ-ಅಂಶ ಕೊಡಬೇಕು ಅನ್ನೋದು ಅದರ ಸಾರಾಂಶ. ಸಿಇಎ ಅಂತಾರಲ್ಲ, ಅದೇ ಈ ಪ್ರಾಧಿಕಾರ. ಇಂತಿಷ್ಟು ಕಿಲೋವ್ಯಾಟ್‌ಗೆ ಮೇಲೆ ಅಂತ ಆ ಸೆಕ್ಷನ್‌ನಲ್ಲಿ ಇಲ್ಲ. ಅಕ್ಷರಕ್ಕೆ ಅಂಟಿಕೊಂಡು ಓದಿದ್ರೆ ಜೋಳ ಬೀಸೋ ಗಿರಣಿಯವನ ಡೀಸೆಲ್ ಜನರೇಟರ್ರೂ ಬಂತು. ವಾಸ್ತವದಲ್ಲಿ ಸಿಇಎ ಅಷ್ಟು ಕೆಳಗೆ ಇಳಿಯಲ್ಲ. ಗ್ರಿಡ್‌ಗೆ ಸೇರುವ ಉತ್ಪಾದನಾ ಘಟಕ ಅರ್ಧ ಮೆಗಾವ್ಯಾಟ್ ಅಥವಾ ಅದಕ್ಕಿಂತ ದೊಡ್ಡದಾದ್ರೆ ಸಿಇಎ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ ಒಂದು ವಿಶಿಷ್ಟ ಸಂಖ್ಯೆ ತಗೋಬೇಕು. ಕಾರ್ಖಾನೆಗಳ ಸ್ವಂತ ಉತ್ಪಾದನೆಯ ಲೆಕ್ಕ ಪ್ರಕಟಿಸುವಾಗಲೂ ಅರ್ಧ ಮೆಗಾವ್ಯಾಟ್ ಬೇಡಿಕೆ ಅನ್ನೋದೇ ಗೆರೆ. ಆ ಗೆರೆಯ ಕೆಳಗೆ ಇರೋರು ನಾವೆಲ್ಲ. ಕೆಳಗಿದ್ದೀವಿ ಅಂದ್ರೆ ಲೆಕ್ಕವೇ ಇಲ್ಲ ಅಂತಲ್ಲ. ನಮ್ಮ ಲೆಕ್ಕ ಕೇಳೋರು ದೆಹಲಿಯಲ್ಲಿ ಇಲ್ಲ, ನಮ್ಮ ರಾಜ್ಯದಲ್ಲಿ, ನಮ್ಮ ಜಿಲ್ಲೆಯಲ್ಲಿ ಇದ್ದಾರೆ, ಅಷ್ಟೇ.

ಇನ್ನೊಂದು ಸೆಕ್ಷನ್ ಇದೆ, 54. ಇದು ನಮ್ಮ ಕನ್ನಡ ಸಂಘದವರು ಕಿವಿಗೊಟ್ಟು ಕೇಳಬೇಕಾದದ್ದು. ರಸ್ತೆಯಲ್ಲಿ, ಅಥವಾ ನೂರು ಜನ ಸೇರೋ ಜಾಗದಲ್ಲಿ, ಸರಬರಾಜು ಕಂಪನಿ ಅಲ್ಲದ ಯಾರಾದ್ರೂ 250 ವ್ಯಾಟ್ ಮತ್ತು 100 ವೋಲ್ಟ್ ಮೀರಿ ಕರೆಂಟು ಬಳಸೋದಾದ್ರೆ, ಕನಿಷ್ಠ ಏಳು ದಿನ ಮೊದಲೇ ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು. ಯಾರಿಗೆ? ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ ಅಥವಾ ಪೊಲೀಸ್ ಕಮಿಷನರ್‌ಗೆ, ಜೊತೆಗೆ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್‌ಗೆ. 250 ವ್ಯಾಟ್ ಅಂದ್ರೆ ಏನ್ರೀ, ನಾಲ್ಕು ಫ್ಯಾನ್. ಗಣೇಶನ ಪೆಂಡಾಲ್, ರಾಜ್ಯೋತ್ಸವದ ಸ್ಟೇಜು, ಬಾಡಿಗೆ ಜನರೇಟರ್ ವ್ಯಾನ್, ಎಲ್ಲಾ ಇದರೊಳಗೆ ಬಂತು. ಪೊಲೀಸ್ ಪರ್ಮಿಷನ್, ಕಾರ್ಪೊರೇಷನ್ ಪರ್ಮಿಷನ್ ಎಲ್ಲಾ ತಗೋತೀವಿ. ಇನ್‌ಸ್ಪೆಕ್ಟರ್‌ಗೆ ಒಂದು ಪತ್ರ ಅಂದ್ರೆ ಮಾತ್ರ, ಅದ್ಯಾವ ಇನ್‌ಸ್ಪೆಕ್ಟರ್ ಅಂತ ಕೇಳ್ತೀವಿ.

ಈಗ ನೀವು ಕೇಳಬಹುದು, ಇದೆಲ್ಲಾ ಯಾಕೆ ಬೇಕು, ನಮ್ಮ ದುಡ್ಡಲ್ಲಿ ನಾವು ಡೀಸೆಲ್ ಸುಟ್ಟು ನಾವೇ ಕರೆಂಟು ಮಾಡ್ಕೊಂಡ್ರೆ ಸರ್ಕಾರಕ್ಕೆ ಏನು ಕೆಲಸ ಅಂತ. ಈ ಪ್ರಶ್ನೆಗೆ ತೆರಿಗೆ, ದಂಡ ಅಂತ ಉತ್ತರ ಶುರು ಮಾಡಿದ್ರೆ ಯಾರಿಗೂ ಒಪ್ಪಿಗೆ ಆಗಲ್ಲ. ಕಂಬದ ಮೇಲಿರೋ ಮನುಷ್ಯನಿಂದ ಶುರು ಮಾಡೋಣ.

ಊರಲ್ಲಿ ಮಳೆ ಬಂದು ಕೊಂಬೆ ಬಿದ್ದು ಲೈನ್ ಹರಿದಿದೆ ಅಂತ ಇಟ್ಕೊಳ್ಳಿ. ಲೈನ್‌ಮನ್ ಸೀದಾ ಹೋಗಿ ಕಂಬ ಹತ್ತಲ್ಲ. ಮೊದಲು ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಎಲ್‌ಸಿ ಕೇಳ್ತಾನೆ. ಎಲ್‌ಸಿ ಅಂದ್ರೆ ಲೈನ್ ಕ್ಲಿಯರ್. ಸಬ್‌ಸ್ಟೇಷನ್‌ನಲ್ಲಿ ಇರೋರು ಆ ಫೀಡರ್‌ನ ಬ್ರೇಕರ್ ತೆಗೆದು, ಐಸೋಲೇಟರ್ ಬಿಡಿಸಿ, ಅರ್ತ್ ಮಾಡಿ, ಪುಸ್ತಕದಲ್ಲಿ ಬರೆದು, ನಂಬರ್ ಕೊಡ್ತಾರೆ. ಆ ನಂಬರ್ ಬಂತು ಅಂದ್ರೆ, ಈ ತಂತಿಗೆ ಕರೆಂಟು ಬರೋ ದಾರಿಗಳೆಲ್ಲಾ ಬಂದ್ ಆಗಿವೆ ಅಂತ ಒಬ್ಬ ಇನ್ನೊಬ್ಬನಿಗೆ ಕೊಟ್ಟ ಮಾತು. ಕೆಲಸ ಮುಗಿದ ಮೇಲೆ ಎಲ್‌ಸಿ ರಿಟರ್ನ್ ಮಾಡೋತನಕ ಯಾರೂ ಚಾರ್ಜ್ ಮಾಡಬಾರದು. ಬಹಳ ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ.

ಆದ್ರೆ ಆ ಮಾತು ನಿಜ ಆಗಬೇಕಾದ್ರೆ ದಾರಿಗಳೆಲ್ಲಾ ಅವನಿಗೆ ಗೊತ್ತಿರಬೇಕಲ್ಲ. ಸಬ್‌ಸ್ಟೇಷನ್‌ನವನ ನಕ್ಷೆಯಲ್ಲಿ ಕರೆಂಟು ಮೇಲಿಂದ ಕೆಳಗೆ ಬರುತ್ತೆ. ಕೆಳಗಿಂದ ಮೇಲಕ್ಕೆ ಹೋಗೋ ದಾರಿ ಅವನ ನಕ್ಷೆಯಲ್ಲಿ ಇಲ್ಲ, ನಾವು ಹೇಳಿದ್ರೆ ಮಾತ್ರ ಇರುತ್ತೆ.

ಕೆಳಗಿಂದ ಹೇಗೆ ಹೋಗುತ್ತೆ? ನಮ್ಮ ಬೀದಿಯ ಟಿಸಿ 11,000 ವೋಲ್ಟನ್ನ 433ಕ್ಕೆ ಇಳಿಸುತ್ತೆ, ಅಲ್ವಾ. ಆ ಟ್ರಾನ್ಸ್‌ಫಾರ್ಮರ್‌ಗೆ ಯಾವ ಕಡೆ ಮೇಲು, ಯಾವ ಕಡೆ ಕೆಳಗು ಅಂತ ಗೊತ್ತಿಲ್ಲ. ಕೆಳಗಡೆಯಿಂದ ಜನರೇಟರ್ ಕರೆಂಟು ನುಗ್ಗಿದ್ರೆ ಅದೇ ಟ್ರಾನ್ಸ್‌ಫಾರ್ಮರ್ ಅದನ್ನ 11,000ಕ್ಕೆ ಏರಿಸುತ್ತೆ. ಮನೆಯ ಜನರೇಟರ್‌ಗೂ ಲೈನಿಗೂ ನಡುವೆ ಸರಿಯಾದ ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ರೆ, ಎರಡೂ ಕಡೆ ಪಿನ್ ಇರೋ ವೈರ್ ಮಾಡಿ ಸಾಕೆಟ್ಟಿಗೆ ಚುಚ್ಚಿದ್ರೆ, ಇದು ಆಗಬಹುದು. ಸಾಮಾನ್ಯವಾಗಿ ಏನಾಗುತ್ತೆ ಅಂದ್ರೆ, ಅಕ್ಕಪಕ್ಕದ ಮನೆಗಳ ಲೋಡೆಲ್ಲಾ ಆ ಪುಟ್ಟ ಜನರೇಟರ್ ಮೇಲೆ ಬಿದ್ದು ಅದು ಟ್ರಿಪ್ ಆಗುತ್ತೆ. ಆದ್ರೆ ಸಾಮಾನ್ಯವಾಗಿ ಅನ್ನೋ ಮಾತನ್ನ ನಂಬಿ ಕಂಬ ಹತ್ತೋಕಾಗುತ್ತಾ?

ಲೈನ್‌ಮನ್ ಸ್ಥಳದಲ್ಲೂ ಟೆಸ್ಟ್ ಮಾಡಬೇಕು, ಅರ್ತಿಂಗ್ ರಾಡ್ ಹಾಕಬೇಕು, ಗ್ಲೌಸ್ ಹಾಕ್ಕೋಬೇಕು, ಅದು ನಿಜ. ರಾತ್ರಿ ಹನ್ನೊಂದಕ್ಕೆ, ಮಳೆಯಲ್ಲಿ, ಕೆಳಗೆ ನಾಲ್ಕು ಜನ ನಿಂತು "ಇನ್ನೂ ಎಷ್ಟು ಹೊತ್ತು ರೀ" ಅಂತ ಕೂಗ್ತಿರುವಾಗ ಅವನು ಎಷ್ಟು ಮಾಡ್ತಾನೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅವನ ತಪ್ಪಿನ ಮೇಲೆ ನಮ್ಮ ಗುಟ್ಟೂ ಸೇರಬಾರದು. ಇನ್‌ಸ್ಪೆಕ್ಟರ್ ಕಚೇರಿಯವರು ಬಂದು ಮೊದಲು ನೋಡೋದು ಇದನ್ನೇ: ಚೇಂಜ್‌ಓವರ್ ಇದೆಯಾ, ಎರಡೂ ಒಟ್ಟಿಗೆ ಆನ್ ಆಗದ ಹಾಗೆ ಇಂಟರ್‌ಲಾಕ್ ಇದೆಯಾ, ಅರ್ತಿಂಗ್ ಸರಿ ಇದೆಯಾ. ನಾವು ಕಾಗದ ಕೊಟ್ಟರೆ ತಾನೇ ಅವರು ಬರೋದು.

ಸರಿ, ಈಗ ನಮ್ಮ ಡಿಜಿಗೆ ಬರೋಣ. ಎಷ್ಟು ಕಚೇರಿ ಅಂತ ಲೆಕ್ಕ ಹಾಕಿದ್ರೆ ನಗು ಬರುತ್ತೆ. ಒಂದೇ ಯಂತ್ರ. ಅದರ ವೈರಿಂಗ್, ಅರ್ತಿಂಗ್ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್‌ಗೆ ಸೇರಿದ್ದು. ಎಷ್ಟು ಸಾಮರ್ಥ್ಯಕ್ಕಿಂತ ಮೇಲಿದ್ರೆ ಚಾಲೂ ಮಾಡೋ ಮುಂಚೆ ತಪಾಸಣೆ ಬೇಕು ಅನ್ನೋದನ್ನ ಆಯಾ ಸರ್ಕಾರ ಅಧಿಸೂಚನೆಯಲ್ಲಿ ಹೇಳುತ್ತೆ, ಹಾಗಾಗಿ ನೋಯ್ಡಾದ ಮಿತಿ ಪುಣೆಗೆ ನಡೆಯಲ್ಲ. ತಯಾರಾದ ಯೂನಿಟ್ಟಿನ ಮೇಲೆ ವಿದ್ಯುತ್ ಶುಲ್ಕ ಅಂತ ಒಂದಿದೆ. ಮಹಾರಾಷ್ಟ್ರದಲ್ಲಿ 2016ರ ವಿದ್ಯುತ್ ಶುಲ್ಕ ಕಾಯ್ದೆ, ತಮಿಳುನಾಡಿನಲ್ಲಿ 2003ರ ತೆರಿಗೆ ಕಾಯ್ದೆ, ನಮ್ಮ ಕರ್ನಾಟಕದಲ್ಲಿ 1959ರದ್ದು. ಯಾರಿಗೆ ಎಷ್ಟು, ಯಾರಿಗೆ ವಿನಾಯಿತಿ ಅನ್ನೋದು ರಾಜ್ಯಕ್ಕೆ ತಕ್ಕ ಹಾಗೆ ಬದಲಾಗುತ್ತೆ. ಆದ್ರೆ ಎಲ್ಲೇ ಆದ್ರೂ ಡಿಜಿಗೆ ಪ್ರತ್ಯೇಕ ಯೂನಿಟ್ ಮೀಟರ್ ಇಲ್ಲದೆ ಈ ಲೆಕ್ಕ ಆಗಲ್ಲ. ಹೊಗೆ ಮತ್ತು ಶಬ್ದ ಮಾಲಿನ್ಯ ಮಂಡಳಿಗೆ ಸೇರಿದ್ದು. ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಹೊಗೆ ಕೊಳವೆ ಕಟ್ಟಡದ ಎತ್ತರಕ್ಕಿಂತ ಎಷ್ಟು ಮೇಲಿರಬೇಕು ಅನ್ನೋದಕ್ಕೆ ಸೂತ್ರ ಇದೆ: ಕೆವಿಎಯ ವರ್ಗಮೂಲ ತಗೊಂಡು 0.2ರಿಂದ ಗುಣಿಸಿ. 400 ಕೆವಿಎ ಆದ್ರೆ ವರ್ಗಮೂಲ 20, ಅಂದ್ರೆ 4 ಮೀಟರ್. ನಮ್ಮ ಹೈಸ್ಕೂಲ್ ಗಣಿತದ ಮೇಷ್ಟ್ರಿಗೆ ಇದು ಗೊತ್ತಿದ್ರೆ ಖುಷಿ ಪಡ್ತಿದ್ರು. ಡೀಸೆಲ್ಲಿಗೆ ಮತ್ತೆ ಬೇರೆ ಕಾಯ್ದೆ, 1934ರ ಪೆಟ್ರೋಲಿಯಂ ಕಾಯ್ದೆ. ಒಂದು ಜಾಗದಲ್ಲಿ ಒಟ್ಟು 2,500 ಲೀಟರ್ ಮೀರದಿದ್ರೆ, ಯಾವ ಪಾತ್ರೆಯೂ 1,000 ಲೀಟರ್‌ಗಿಂತ ದೊಡ್ಡದಾಗಿರದಿದ್ರೆ ಲೈಸೆನ್ಸ್ ಬೇಡ. ಮಾರ್ಕೆಟ್ಟಲ್ಲಿ 990 ಲೀಟರ್ ಟ್ಯಾಂಕ್ ಅಂತ ವಿಚಿತ್ರ ಅಳತೆ ಯಾಕೆ ಸಿಗುತ್ತೆ ಅಂತ ಈಗ ಗೊತ್ತಾಯ್ತಾ?

ದೆಹಲಿ, ಗುರುಗ್ರಾಮ, ನೋಯ್ಡಾದವರಿಗೆ ಇದರ ಮೇಲೆ ಇನ್ನೊಂದು ಹೊರೆ. 2023ರ ಅಕ್ಟೋಬರ್‌ನಿಂದ ಅಲ್ಲಿ ಹಳೇ ಡಿಜಿಗಳನ್ನ ಹಾಗೇ ಓಡಿಸೋ ಹಾಗಿಲ್ಲ, ಗ್ಯಾಸ್ ಸೇರಿಸೋ ಕಿಟ್ಟೋ ಹೊಗೆ ತಡೆಯೋ ಸಾಧನವೋ ಬೇಕು. ಚಳಿಗಾಲದಲ್ಲಿ ಇನ್ನೂ ಬಿಗಿ. ಅವರಿಗೆ ನಾನು ಹೊಸದಾಗಿ ಹೇಳೋದೇನೂ ಇಲ್ಲ, ಅವರ ವಾಟ್ಸಾಪ್ ಗ್ರೂಪಲ್ಲಿ ನವೆಂಬರ್ ಪೂರ್ತಿ ಇದೇ ಜಗಳ.

ದೊಡ್ಡ ಕಾಂಪ್ಲೆಕ್ಸಿನವರಿಗೆ ಇನ್ನೊಂದು ಮಾತು. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದ್ರೆ ಬಿಲ್ಡರ್ ಪರಿಸರ ಅನುಮತಿ ತಗೊಂಡಿರಬೇಕು. ಆ ಅನುಮತಿಯ ಷರತ್ತುಗಳ ಪಾಲನೆ ಬಗ್ಗೆ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ವರದಿ ಹೋಗಬೇಕು. ಡಿಜಿ ವಿಷಯ ಸಾಮಾನ್ಯವಾಗಿ ಆ ಷರತ್ತುಗಳಲ್ಲಿ ಇರುತ್ತೆ. ಬಿಲ್ಡರ್ ಸೊಸೈಟಿಗೆ ಹಸ್ತಾಂತರ ಮಾಡುವಾಗ ಕ್ಲಬ್‌ಹೌಸ್ ಚಾವಿ ಕೊಡ್ತಾನೆ, ಈ ಫೈಲ್ ಕೊಡಲ್ಲ. ಹಸ್ತಾಂತರದ ದಿನವೇ ಕೇಳಿ ತಗೊಳ್ಳಿ, ಮುಂದಿನ ವರದಿ ಯಾರ ಹೆಸರಲ್ಲಿ ಹೋಗುತ್ತೆ ಅಂತ ಬರೆಸಿಕೊಳ್ಳಿ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡ್ತೀನಿ. ಜನರೇಟರ್ ಮೇಲೆ ಬರೆದಿರೋದು ಕೆವಿಎ, ಅರ್ಜಿ ಕೇಳೋದು ಬಹಳ ಸಲ ಕಿಲೋವ್ಯಾಟ್. ಎರಡೂ ಒಂದೇ ಅಲ್ಲ. ಡಿಜಿಯ ಪವರ್ ಫ್ಯಾಕ್ಟರ್ 0.8 ಅಂತ ಪ್ಲೇಟಲ್ಲೇ ಬರೆದಿರುತ್ತೆ. 500 ಕೆವಿಎ ಅಂದ್ರೆ 400 ಕಿಲೋವ್ಯಾಟ್. 625 ಕೆವಿಎ ಅಂದ್ರೆ 500. 500 ಅನ್ನೋದನ್ನ ನೋಡಿ ಅರ್ಧ ಮೆಗಾವ್ಯಾಟ್ ಅಂತ ತುಂಬಿದವರೂ ಇದ್ದಾರೆ, 625ನ್ನ ನೋಡಿ ಹಾಗೇ ತುಂಬಿದವರೂ ಇದ್ದಾರೆ. ಪ್ಲೇಟಿನ ಫೋಟೋ ತೆಗೆದಿಟ್ಟುಕೊಳ್ಳಿ.

ಲೆಕ್ಕ ಇಡೋದು ಬರೀ ಸರ್ಕಾರಕ್ಕೆ ಅಂತ ತಿಳ್ಕೋಬೇಡಿ. ನಮ್ಮ ಸೊಸೈಟಿಯಲ್ಲಿ ನಡೆದದ್ದು ಹೇಳ್ತೀನಿ. ಡೀಸೆಲ್ ಡಿಜಿ ಸರಿಯಾದ ಲೋಡಲ್ಲಿ ಓಡಿದ್ರೆ ಲೀಟರಿಗೆ ಮೂರರಿಂದ ನಾಲ್ಕು ಯೂನಿಟ್ ಕೊಡುತ್ತೆ. ಒಂದು ವರ್ಷ ಡೀಸೆಲ್ ಬಿಲ್ ಏರ್ತಾ ಹೋಯ್ತು. ಎಜಿಎಂನಲ್ಲಿ ಎದ್ದು ನಿಂತು ಒಬ್ಬರು ನೇರವಾಗಿ ಹೇಳಿದ್ರು, ಆಪರೇಟರ್ ಹುಡುಗ ಡೀಸೆಲ್ ಕದೀತಾ ಇದ್ದಾನೆ, ತೆಗೆದುಹಾಕಿ ಅಂತ. ಮರಾಠವಾಡಾ ಕಡೆಯ ಹುಡುಗ, ಹೆಂಡತಿ ಮಗು ಜೊತೆ ಪಂಪ್ ರೂಮಿನ ಪಕ್ಕ ಇರ್ತಿದ್ದ. ಸಭೆಯಲ್ಲಿ ಮುಕ್ಕಾಲು ಜನ ತಲೆ ಆಡಿಸಿದ್ರು. ಯಾರೂ ಸಾಕ್ಷಿ ಕೇಳಲಿಲ್ಲ.

ಅದೃಷ್ಟಕ್ಕೆ, ಶುಲ್ಕದ ಲೆಕ್ಕಕ್ಕೆ ಅಂತ ಆ ಹುಡುಗನೇ ಪ್ರತಿ ಸಲ ಡಿಜಿ ಓಡಿದಾಗ ಶುರು ಸಮಯ, ಮುಗಿದ ಸಮಯ, ಅವರ್ ಮೀಟರ್, ಯೂನಿಟ್ ಮೀಟರ್, ಟ್ಯಾಂಕಿನ ಗೇಜು, ಎಲ್ಲಾ ಒಂದು ಉದ್ದ ರಿಜಿಸ್ಟರ್‌ನಲ್ಲಿ ಬರೀತಿದ್ದ. ನಾನು ಎರಡು ವರ್ಷದ ಪುಟಗಳನ್ನ ಎಕ್ಸೆಲ್‌ಗೆ ಹಾಕಿದೆ. ಹಗಲು ಓಡಿದಾಗ ಲೀಟರಿಗೆ ಮೂರಕ್ಕಿಂತ ಮೇಲೆ ಬರ್ತಿತ್ತು. ರಾತ್ರಿ ಹನ್ನೆರಡರಿಂದ ಬೆಳಗ್ಗೆ ಐದರವರೆಗೆ ಎರಡರ ಹತ್ತಿರ. ಕಳ್ಳತನ ಆಗಿದ್ರೆ ಈ ವ್ಯತ್ಯಾಸ ಹೀಗೆ ಗಡಿಯಾರ ನೋಡ್ಕೊಂಡು ಬರಲ್ಲ. ಕಾರಣ ಏನಂದ್ರೆ, ಆ ವರ್ಷ ನಮ್ಮ ಏರಿಯಾದಲ್ಲಿ ರಾತ್ರಿ ಕರೆಂಟು ಹೋಗೋದು ಜಾಸ್ತಿ ಆಗಿತ್ತು. ನಾಲ್ಕು ಲೈಟು, ಒಂದು ಲಿಫ್ಟಿಗೋಸ್ಕರ ಅಷ್ಟು ದೊಡ್ಡ ಯಂತ್ರ ಓಡ್ತಿತ್ತು. ಲೋಡ್ ಕಡಿಮೆ ಇದ್ದಾಗ ಡೀಸೆಲ್ ಅದಕ್ಕೆ ತಕ್ಕ ಹಾಗೆ ಕಡಿಮೆ ಆಗಲ್ಲ, ಇಂಜಿನ್ನೂ ಹಾಳು. ರಾತ್ರಿಗೆ ಅಂತ ಒಂದು ಸಣ್ಣ ಡಿಜಿ ತಂದ್ವಿ. ಹುಡುಗ ಈಗಲೂ ಅಲ್ಲೇ ಇದ್ದಾನೆ. ಆ ರಿಜಿಸ್ಟರ್ ಇಲ್ಲದೇ ಹೋಗಿದ್ರೆ ಆವತ್ತಿನ ಸಭೆಯ ಮರುದಿನ ಅವನು ಗಂಟು ಕಟ್ಟಬೇಕಾಗಿತ್ತು. ಸಣ್ಣ ಡಿಜಿ ತರುವಾಗ ನಮಗೆ ಮಾರಿದ ಡೀಲರ್ ಏನು ಹೇಳಿದ ಗೊತ್ತಾ? "ಇಷ್ಟು ಚಿಕ್ಕದಕ್ಕೆ ಯಾರೂ ಕೇಳಲ್ಲ ಸರ್, ಕಾಗದ ಗೀಗದ ಬೇಡ." ಕೇಳೋರು ಇಲ್ಲ ಅನ್ನೋದು ಕಾನೂನು ಇಲ್ಲ ಅನ್ನೋದಕ್ಕೆ ಸಮ ಅಲ್ಲ. ಪತ್ರ ಕೊಟ್ಟೇ ಚಾಲೂ ಮಾಡಿದ್ವಿ.

ಈಗ ಸೋಲಾರ್. ನಮ್ಮಲ್ಲಿ ಬಹಳ ಜನ ಇಲ್ಲಿ ಫ್ಲಾಟಲ್ಲಿದ್ದು, ಊರಲ್ಲಿ ಅಪ್ಪ-ಅಮ್ಮನ ಮನೆ ಮೇಲೆ ಸೋಲಾರ್ ಹಾಕಿಸ್ತಿದ್ದೀರಿ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000, ಮೂರು ಅಥವಾ ಹೆಚ್ಚಾದ್ರೆ ಒಟ್ಟು 78,000 ರೂಪಾಯಿ ಸಬ್ಸಿಡಿ. ಹೌಸಿಂಗ್ ಸೊಸೈಟಿಗೆ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000, 500 ಕಿಲೋವ್ಯಾಟ್‌ವರೆಗೆ. ಗುರಿ 1 ಕೋಟಿ ಮನೆ. ಅರ್ಜಿಯಿಂದ ಮೀಟರ್‌ವರೆಗೆ ಪೋರ್ಟಲ್‌ನಲ್ಲೇ. ಹಾಗಾಗಿ ಸಬ್ಸಿಡಿ ತಗೊಂಡವರ ಲೆಕ್ಕ ತಾನಾಗಿಯೇ ಸರ್ಕಾರಕ್ಕೆ ಸೇರುತ್ತೆ. ಅಪ್ಪ-ಅಮ್ಮನಿಗೆ ಬೇಕಾಗೋದು ಆರ್‌ಆರ್ ನಂಬರ್, ಬಿಲ್, ಬ್ಯಾಂಕ್ ಖಾತೆ, ಮೊಬೈಲ್‌ಗೆ ಬರೋ ಓಟಿಪಿ. ಇಲ್ಲಿ ಎಡವೋದು ಒಂದೇ ಕಡೆ: ಮೀಟರ್ ಇನ್ನೂ ಅಜ್ಜನ ಹೆಸರಲ್ಲಿ ಇರುತ್ತೆ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷ ಆಗಿರುತ್ತೆ, ಕರೆಂಟು ಬಿಲ್ಲಲ್ಲಿ ಮಾತ್ರ ಇನ್ನೂ ಬದುಕಿರ್ತಾರೆ. ರಜೆಗೆ ಊರಿಗೆ ಹೋದಾಗ ಮೊದಲು ಸೆಕ್ಷನ್ ಆಫೀಸಿಗೆ ಹೋಗಿ ಹೆಸರು ಬದಲಾವಣೆ ಮಾಡಿಸಿ, ಆಮೇಲೆ ಪ್ಯಾನೆಲ್ ಮಾತು.

ಸಮಸ್ಯೆ ಶುರುವಾಗೋದು ಆಮೇಲೆ. 3 ಕಿಲೋವ್ಯಾಟ್ ಅಂತ ಮಂಜೂರಾಗಿರುತ್ತೆ. ಒಂದು ವರ್ಷ ಆದ ಮೇಲೆ ಯಾರೋ ಹೇಳ್ತಾರೆ, ಜಾಗ ಇದೆಯಲ್ಲಾ, ಇನ್ನೊಂದು ಇನ್ವರ್ಟರ್ರು, ನಾಲ್ಕು ಪ್ಯಾನೆಲ್ ಸೇರಿಸಿಬಿಡಿ, ಯಾರಿಗೂ ಗೊತ್ತಾಗಲ್ಲ ಅಂತ. ಒಂದು ಮನೆ ಮಾಡಿದ್ರೆ ಏನೂ ಆಗಲ್ಲ. ಒಂದೇ ಟಿಸಿಯ ಕೆಳಗೆ ಹತ್ತು ಮನೆ ಮಾಡಿದ್ರೆ, ಏಪ್ರಿಲ್ ಮಧ್ಯಾಹ್ನ ಎಲ್ಲರೂ ಕರೆಂಟು ಹೊರಗೆ ತಳ್ಳುವಾಗ ಲೈನಿನ ವೋಲ್ಟೇಜ್ ಏರುತ್ತೆ. ಒಂದು ಮಟ್ಟ ದಾಟಿದ್ರೆ ಇನ್ವರ್ಟರ್ ತಾನಾಗೇ ನಿಲ್ಲುತ್ತೆ. ಯಾರದ್ದು ಮೊದಲು ನಿಲ್ಲುತ್ತೆ? ಸಾಮಾನ್ಯವಾಗಿ ಲೈನಿನ ಕೊನೆಯಲ್ಲಿರೋ ಮನೆಯದ್ದು. ಅವನು ಕಾಗದ ಸರಿಯಾಗಿ ಕೊಟ್ಟವನೇ ಇರಬಹುದು. ಬಿಸಿಲು ಜೋರಾಗಿದ್ದಾಗಲೇ ತನ್ನ ಸೋಲಾರ್ ಯಾಕೆ ನಿಲ್ಲುತ್ತೆ ಅಂತ ಅವನು ಕಂಪನಿಗೆ ಫೋನ್ ಮಾಡಿ ಮಾಡಿ ಸುಸ್ತಾಗ್ತಾನೆ.

ಇಲ್ಲಿ ಒಂದು ನಿಯಮ ನಮ್ಮ ಪರವಾಗಿದೆ, ಬಹಳ ಜನರಿಗೆ ಗೊತ್ತಿಲ್ಲ. ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ಬಂತು. 10 ಕಿಲೋವ್ಯಾಟ್‌ವರೆಗಿನ ಸೋಲಾರ್ ಅರ್ಜಿಗೆ ತಾಂತ್ರಿಕ ಪರಿಶೀಲನೆ ಇಲ್ಲದೆ ಒಪ್ಪಿಗೆ ಸಿಕ್ಕಂತೆ. 5 ಕಿಲೋವ್ಯಾಟ್‌ವರೆಗೆ ಲೈನ್, ಟ್ರಾನ್ಸ್‌ಫಾರ್ಮರ್ ಬಲಪಡಿಸಬೇಕಾದ್ರೆ ಅದು ಸರಬರಾಜು ಕಂಪನಿಯ ಖರ್ಚು. ಅಂದ್ರೆ ನೀವು ಹೇಳಿಕೊಂಡು ಹಾಕಿದ ಪ್ರತಿ ಪ್ಯಾನೆಲ್ ನಿಮ್ಮ ಬೀದಿಯ ಟಿಸಿ ದೊಡ್ಡದು ಮಾಡಿ ಅಂತ ಕೇಳೋಕೆ ಆಧಾರ. ಹೇಳದೆ ಹಾಕಿದ್ದಕ್ಕೆ ಆ ಆಧಾರ ಇಲ್ಲ. ಕಂಪನಿಯ ದಾಖಲೆಯಲ್ಲಿ ಆ ಬೀದಿಗೆ ಏನೂ ಆಗೇ ಇಲ್ಲ.

ಇನ್ನು, ಕರೆಂಟು ಹೋದಾಗ ಸೋಲಾರ್ ಯಾಕೆ ನಿಲ್ಲುತ್ತೆ, ಬಿಸಿಲು ಇದೆಯಲ್ಲಾ ಅಂತ ಎಲ್ಲರ ಅಪ್ಪಂದಿರೂ ಬೈತಾರೆ. ಅದು ಕೆಟ್ಟಿರೋದಲ್ಲ. ಲೈನ್ ಸತ್ತ ಎರಡು ಸೆಕೆಂಡ್ ಒಳಗೆ ಕರೆಂಟು ತಳ್ಳೋದು ನಿಲ್ಲಬೇಕು ಅಂತ ಸಿಇಎಯ 2013ರ ನಿಯಮ ಹೇಳುತ್ತೆ. ಕಾರಣ ಮತ್ತೆ ಅದೇ, ಕಂಬದ ಮೇಲಿರೋ ಮನುಷ್ಯ. ನೋಂದಣಿ ಇಲ್ಲದೆ ಅಗ್ಗದ ಇನ್ವರ್ಟರ್ ಹಾಕಿದ್ರೆ ಅದರಲ್ಲಿ ಈ ಗುಣ ಇದೆಯಾ ಅಂತ ಪರೀಕ್ಷೆ ಮಾಡೋರು ಯಾರು?

ಬೇರೆ ದೇಶದವರು ಏನು ಮಾಡ್ತಾರೆ ಅಂತ ಸ್ವಲ್ಪ. ಅಮೆರಿಕದಲ್ಲಿ 1 ಮೆಗಾವ್ಯಾಟ್ ಅಥವಾ ಮೇಲಿನ ಸ್ಥಾವರಗಳು ತಾವೇ ಕೇಂದ್ರದ ಇಂಧನ ಮಾಹಿತಿ ಸಂಸ್ಥೆಗೆ ವರದಿ ಕೊಡ್ತವೆ. ಅದಕ್ಕಿಂತ ಚಿಕ್ಕದರ ಲೆಕ್ಕವನ್ನ ಆ ಸಂಸ್ಥೆ ಮನೆಯವರನ್ನ ಕೇಳಲ್ಲ, ಸರಬರಾಜು ಕಂಪನಿಗಳಿಂದ ತಗೊಳ್ಳುತ್ತೆ. ಜರ್ಮನಿಯದು ಇನ್ನೊಂದು ದಾರಿ. 2019ರಿಂದ ಇಡೀ ದೇಶಕ್ಕೆ ಒಂದೇ ಆನ್‌ಲೈನ್ ರಿಜಿಸ್ಟರ್. ಬಾಲ್ಕನಿಗೆ ನೇತುಹಾಕೋ 800 ವ್ಯಾಟಿನ ಪುಟ್ಟ ಸೋಲಾರ್ ಕೂಡ ಒಂದು ತಿಂಗಳೊಳಗೆ ಅದರಲ್ಲಿ ಬರಬೇಕು. ಜನ ಗೊಣಗಿದ್ರು. 2024ರಲ್ಲಿ ಅವರು ರಿಜಿಸ್ಟರ್ ತೆಗೆಯಲಿಲ್ಲ, ಬಾಲ್ಕನಿಯವರಿಗೆ ಅರ್ಜಿಯ ಕಾಲಂಗಳನ್ನ ಕಡಿಮೆ ಮಾಡಿದ್ರು, ಲೈನ್ ಕಂಪನಿಗೆ ಬೇರೆ ಅರ್ಜಿ ಕೊಡೋದನ್ನ ತೆಗೆದ್ರು. ನನಗೆ ಇದು ಸರಿ ಅನಿಸುತ್ತೆ. ನಮ್ಮಲ್ಲಿ ಇನ್‌ಸ್ಪೆಕ್ಟರ್ ಹತ್ರ ಒಂದು ಫೈಲು, ಶುಲ್ಕದ ಕಚೇರಿಯಲ್ಲಿ ಒಂದು, ಮಾಲಿನ್ಯ ಮಂಡಳಿಯಲ್ಲಿ ಒಂದು, ಸರಬರಾಜು ಕಂಪನಿಯಲ್ಲಿ ಒಂದು. ಒಂದೇ ಯಂತ್ರದ ಸೀರಿಯಲ್ ನಂಬರ್ ನಾಲ್ಕು ಕಡೆ ತುಂಬಿದ್ದೀನಿ. ಆ ನಾಲ್ಕೂ ಒಂದಕ್ಕೊಂದು ಮಾತಾಡಲ್ಲ. ಡೇಟಾಬೇಸ್ ಕೆಲಸ ಮಾಡೋ ನಮ್ಮಂಥೋರಿಗೆ ಇದು ಹೊಟ್ಟೆ ಉರಿಸೋ ವಿಷಯ. ಇಷ್ಟೆಲ್ಲಾ ಇದ್ದೂ, ಈ ಫೀಡರ್ ಕೆಳಗೆ ಎಷ್ಟು ಜನರೇಟರ್ ಇವೆ ಅಂತ ಎಲ್‌ಸಿ ಕೊಡೋ ಮನುಷ್ಯ ಕೇಳಿದ್ರೆ ಒಂದು ಪರದೆಯಲ್ಲಿ ಉತ್ತರ ಬರಲ್ಲ. ದಂಡದ ಸೆಕ್ಷನ್ ಇದೆ, ಆಯೋಗ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ನನ್ನ ಅಭಿಪ್ರಾಯ ಏನಂದ್ರೆ, ದಂಡ ಆಮೇಲೆ, ಮೊದಲು ಅರ್ಜಿ ಒಂದೇ ಮಾಡಿ.

ಅಲ್ಲಿವರೆಗೆ? ಇರೋದನ್ನ ತುಂಬೋಣ. ಕಮಿಟಿಯಲ್ಲಿ ಇರೋರು ಒಂದು ಫೋಲ್ಡರ್ ಮಾಡಿ: ಡಿಜಿ ಪ್ಲೇಟಿನ ಫೋಟೋ, ಇನ್‌ಸ್ಪೆಕ್ಟರ್ ಕಚೇರಿಯ ಪತ್ರ, ಸಿಂಗಲ್ ಲೈನ್ ನಕ್ಷೆ, ಚೇಂಜ್‌ಓವರ್ ಫೋಟೋ, ಓಡಿದ ದಿನಗಳ ರಿಜಿಸ್ಟರ್. ಡಿಜಿ ಮತ್ತು ಸೋಲಾರ್ ಎರಡೂ ಇದ್ರೆ ನಕ್ಷೆಯಲ್ಲಿ ಎರಡೂ ಕಾಣಬೇಕು. ಡಿಜಿ ಓಡುವಾಗ ಲೋಡ್ ಕಡಿಮೆ ಇದ್ದು ಸೋಲಾರ್ ಜಾಸ್ತಿ ಬಂದ್ರೆ ಕರೆಂಟು ಡಿಜಿಯೊಳಗೇ ತಿರುಗಿ ನುಗ್ಗುತ್ತೆ, ಅದನ್ನ ತಡೆಯೋ ಕಂಟ್ರೋಲರ್ ಇದೆಯಾ ಕೇಳಿ. ಅನಾಹುತ ಏನಾದ್ರೂ ಆಗಿ ಮನುಷ್ಯನಿಗೋ ಪ್ರಾಣಿಗೋ ಪೆಟ್ಟಾದ್ರೆ ಇನ್‌ಸ್ಪೆಕ್ಟರ್‌ಗೆ ತಿಳಿಸಬೇಕು. ಬೀದಿ ನಾಯಿಗೆ ಶಾಕ್ ಹೊಡೆದ್ರೂ ಇದು ಅನ್ವಯ. ನಮ್ಮಲ್ಲಿ ನಾಯಿ ಸತ್ತರೆ ಗುಂಡಿ ತೋಡಿ ಮುಚ್ಚಿಬಿಡ್ತಾರೆ, ಮುಂದಿನ ಸಲ ಅದೇ ಜಾಗದಲ್ಲಿ ಮಗು ಕೈ ಇಡುತ್ತೆ.

ಚಾಟಲ್ಲಿ ಬಂದ ಪ್ರಶ್ನೆಗಳು ಎರಡು ಮೂರು ತಗೋತೀನಿ.

"ನಾನು ಬಾಡಿಗೆಗೆ ಇರೋದು, ನನಗೆ ಇದರಲ್ಲಿ ಏನು ಕೆಲಸ?" ನಿಮ್ಮ ಮೇಂಟೆನೆನ್ಸಲ್ಲಿ ಡಿಜಿ ಚಾರ್ಜ್ ಅಂತ ಒಂದು ಸಾಲು ಇರುತ್ತೆ. ದುಡ್ಡು ಕೊಡ್ತಿದ್ದೀರಿ, ಯೂನಿಟ್ ಎಷ್ಟು ಅಂತ ಕೇಳಿ. ಓನರ್ ಬೇಜಾರು ಮಾಡ್ಕೊಂಡ್ರೆ ನನ್ನ ಹೆಸರು ಹೇಳಿ.

"ಮನೆಯ ಯುಪಿಎಸ್, ಬ್ಯಾಟರಿ ಇನ್ವರ್ಟರ್ ಕೂಡ ಹೇಳಬೇಕಾ?" ಅದು ಲೈನಿನ ಕರೆಂಟನ್ನೇ ತುಂಬಿಟ್ಟುಕೊಂಡು ವಾಪಸ್ ಕೊಡೋದು, ಹೊಸದಾಗಿ ತಯಾರಿಸಲ್ಲ. ಅದನ್ನ ಉತ್ಪಾದನೆ ಅಂತ ಲೆಕ್ಕ ಹಿಡಿಯಲ್ಲ. ಆದ್ರೆ ಅದಕ್ಕೆ ಸೋಲಾರ್ ಪ್ಯಾನೆಲ್ ಜೋಡಿಸಿ, ಮತ್ತೆ ಲೈನಿಗೂ ಕರೆಂಟು ಬಿಡೋ ಥರದ ಇನ್ವರ್ಟರ್ ಆದ್ರೆ ಅದು ಸೋಲಾರ್ ಅರ್ಜಿಯಲ್ಲೇ ಬರಬೇಕು.

ಕೊನೆಯದು, ಹೈದರಾಬಾದಿನಿಂದ. "ಕಳಸದ ಹತ್ರ ನಮ್ಮ ಅಜ್ಜನ ತೋಟದಲ್ಲಿ ಹಳ್ಳದ ನೀರಿಗೆ 1 ಕಿಲೋವ್ಯಾಟ್ ಟರ್ಬೈನ್ ಹಾಕಿದ್ದಾರೆ. ಮಳೆಗಾಲದಿಂದ ಜನವರಿವರೆಗೆ ಅದೇ ಮನೆ ದೀಪ. ಇದಕ್ಕೂ ಲೆಕ್ಕ ಕೊಡಬೇಕಾ?" ಮಲೆನಾಡಲ್ಲಿ ಇಂಥವು ಬಹಳ ಇವೆ, ಪಾಪ ಅಜ್ಜನನ್ನ ಯಾವ ಪೋರ್ಟಲ್‌ಗೂ ಎಳೀಬೇಡಿ. ಆ ಕರೆಂಟು ತೋಟ ಬಿಟ್ಟು ಆಚೆ ಹೋಗದಿದ್ರೆ ಯಾರಿಗೂ ತೊಂದರೆ ಇಲ್ಲ. ಆದ್ರೆ ಅದೇ ಮನೆಗೆ ಮೆಸ್ಕಾಂ ಲೈನೂ ಬಂದಿದ್ರೆ, ಮುಂದಿನ ಸಲ ಹೋದಾಗ ಮೀಟರ್ ಬೋರ್ಡ್ ಪಕ್ಕ ಚೇಂಜ್‌ಓವರ್ ಸ್ವಿಚ್ ಇದೆಯಾ, ಬರೀ ವೈರ್ ಸಿಕ್ಕಿಸಿ ತೆಗೆಯೋ ಏರ್ಪಾಡಾ ಅಂತ ನೋಡಿ. ಸ್ವಿಚ್ ಇಲ್ಲದಿದ್ರೆ ಹಾಕಿಸಿ. ಹಾಕಿಸಿದ ಮೇಲೆ ಆ ಕಡೆಯ ಲೈನ್‌ಮನ್‌ನ ಕರೆದು, ಒಂದು ಲೋಟ ಕಾಫಿ ಕೊಟ್ಟು, ಅವನಿಗೂ ತೋರಿಸಿ.